ಬಣ್ಣ ಹಚ್ಚುವ ಮುಂಚಿನ ಫೋಟೋನೂ ತೋರಿಸಿ

ಹೋದ ತಿಂಗಳು ಮೈಸೂರಿನಲ್ಲಿ, ನಮ್ಮ ಬಡಾವಣೆಯ ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ, ಆಟಿಕೆ ಸೈನಿಕರನ್ನು ಕತ್ತರಿಸಿ ಜೋಡಿಸಿ ಹೊಸ ಗೊಂಬೆ ಮಾಡೋ ಹವ್ಯಾಸದ ಬಗ್ಗೆ ಆಡಿದ ಮಾತು ಇದು. ಅವತ್ತು ಬರೋಕೆ ಆಗದವರು ಕೇಳಿದರು, ಅದಕ್ಕೆ ಬರೆದಿದ್ದೇನೆ. ಅಲ್ಲಿ ಗೊಂಬೆಯನ್ನು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು. ಹಾಗಾಗಿ ಕೆಲವು ಕಡೆ ವಿವರ ಸ್ವಲ್ಪ ಜಾಸ್ತಿ ಆಗಿದೆ. ಮಾತು ಮುಗಿದ ಮೇಲೆ ನಡೆದದ್ದನ್ನೂ ಸೇರಿಸಿದ್ದೇನೆ.

ನಮಸ್ಕಾರ. ಈ ಮೇಜಿನ ಮೇಲೆ ಐದು ಜನ ಕುದುರೆ ಸವಾರರಿದ್ದಾರೆ. ಕುದುರೆಯಿಂದ ಇಳಿಸಿ ನಿಲ್ಲಿಸಿದರೆ ಒಬ್ಬೊಬ್ಬರೂ ನನ್ನ ಕಿರುಬೆರಳಿನಷ್ಟು ಎತ್ತರ. ಖಾಕಿ ಅಂಗಿ, ತಲೆಗೆ ಪೇಟ, ಎದೆಯ ಮೇಲೆ ಅಡ್ಡಲಾಗಿ ತೋಟಾ ಪಟ್ಟಿ, ಕೈಯಲ್ಲಿ ಈಟಿ. ಇವರು ನಮ್ಮ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆ, 1918ನೇ ಇಸವಿಯವರು. ಇವರನ್ನು ನಾನು ಯಾವ ಅಂಗಡಿಯಲ್ಲೂ ಕೊಂಡಿಲ್ಲ. ಕುದುರೆ ಒಂದು ಸೆಟ್ಟಿನದು, ಎದೆ ಇನ್ನೊಂದು ಸೆಟ್ಟಿನದು, ಈಟಿ ಹಿತ್ತಾಳೆ ತಂತಿ, ಪೇಟ ನಾನೇ ಸುತ್ತಿದ್ದು. ಹೇಗೆ ಅಂತ ಆಮೇಲೆ ಹೇಳುತ್ತೇನೆ. ಮೊದಲು, ನಮ್ಮಂಥವರು ಇದನ್ನೆಲ್ಲ ಡಬ್ಬದಲ್ಲಿ ಜೋಪಾನವಾಗಿ ತುಂಬಿಕೊಂಡು, ರೈಲು ಹತ್ತಿ, ಯಾವುದೋ ಊರಿನ ಯಾವುದೋ ಹಾಲ್‌ಗೆ ಹೋಗಿ, ಇನ್ನೊಬ್ಬರ ಮುಂದೆ ಇಡೋದು ಯಾಕೆ ಅನ್ನೋದನ್ನು ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಇದೇ ಊರು. ನವರಾತ್ರಿ ಬಂತೆಂದರೆ ಅಮ್ಮ ಅಟ್ಟದಿಂದ ಟ್ರಂಕು ಇಳಿಸುತ್ತಿದ್ದರು. ಹಳೇ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ. ಕೆಳಗಿನ ಸಾಲಿನಲ್ಲಿ ದಸರಾ ಮೆರವಣಿಗೆ: ಆನೆ, ಅಂಬಾರಿ, ಬ್ಯಾಂಡಿನವರು, ಸಾಲಾಗಿ ಸಿಪಾಯಿಗಳು. ಆ ಸಾಲು ಜೋಡಿಸೋದು ನನ್ನ ಕೆಲಸ. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ "ರೀ, ಗೊಂಬೆ ಕೂರ್ಸಿದೀರಾ?" ಅಂತ ಬಾಗಿಲಿಗೆ ಬರುತ್ತಿದ್ದರು, ಒಂದು ಸುತ್ತು ನೋಡಿ, ಚರ್ಪು, ಅಂದರೆ ಕೈಗೆ ಕೊಡೋ ತಿಂಡಿ, ಇಸ್ಕೊಂಡು, ಮುಂದಿನ ಮನೆಗೆ ಓಡುತ್ತಿದ್ದರು. ದೊಡ್ಡವರು ಬಂದರೆ "ತುಂಬಾ ಚೆನ್ನಾಗಿದೆ" ಅಂದು ಕುಂಕುಮ ತಗೊಂಡು ಹೊರಡುತ್ತಿದ್ದರು. ಪಕ್ಕದ ಬೀದಿಯ ಒಬ್ಬರು ಅಜ್ಜಿ ಮಾತ್ರ ಹಾಗಲ್ಲ. ಸೊಂಟ ಬಗ್ಗಿಸಿ, ಕನ್ನಡಕ ಸರಿ ಮಾಡಿಕೊಂಡು, ಒಂದೊಂದೇ ಸಾಲು ನೋಡೋರು. ಒಂದು ವರ್ಷ ಕೇಳಿದರು: "ಈ ಸಿಪಾಯಿ ಹೋದ ಸಲ ಮುಂದೆ ನಿಂತಿದ್ದ, ಈ ಸಲ ಯಾಕೋ ಆನೆ ಹಿಂದೆ ನಿಲ್ಸಿದೀಯಾ? ಕಾಲು ಮುರೀತಾ ಮಗು?" ಮುರಿದಿತ್ತು. ಹಿಟ್ಟಿನ ಉಂಡೆಯ ಮೇಲೆ ಅವನನ್ನು ನಿಲ್ಲಿಸಿ, ಕಾಣದ ಹಾಗೆ ಆನೆಯ ಮರೆಗೆ ಇಟ್ಟಿದ್ದೆ. ಮನೆಗೆ ಬಂದ ಅಷ್ಟು ಜನರಲ್ಲಿ ಅದು ಕಂಡದ್ದು ಅವರೊಬ್ಬರಿಗೇ. ಯಾಕೆಂದರೆ ಅವರ ಮನೆಯಲ್ಲೂ ಗೊಂಬೆ ಕೂರಿಸುತ್ತಿದ್ದರು, ಅವರೂ ಎಷ್ಟೋ ಕಾಲು ಮುರಿದವರನ್ನು ನಿಲ್ಲಿಸಿದವರು.

2004ರಲ್ಲಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದೆ. ಲಂಡನ್ನಿನ ಹೊರವಲಯದಲ್ಲಿ ಮನೆ. ಹೋಗಿ ಎರಡನೇ ವರ್ಷವೋ ಏನೋ, ಒಂದು ಶನಿವಾರ ಆಟಿಕೆ ಸೈನಿಕರ ಪ್ರದರ್ಶನಕ್ಕೆ ಹೋದೆ. ದೊಡ್ಡ ಹಾಲ್, ಸಾಲು ಸಾಲು ಮೇಜು. ಅರ್ಧ ಮೇಜುಗಳಲ್ಲಿ ಮಾರಾಟ. ಉಳಿದವರು ಏನೂ ಮಾರುತ್ತಿರಲಿಲ್ಲ. ತಾವು ಬಣ್ಣ ಹಚ್ಚಿದ್ದನ್ನು, ಮಾರ್ಪಾಡು ಮಾಡಿದ್ದನ್ನು ಸುಮ್ನೆ ಇಟ್ಟುಕೊಂಡು ಕೂತಿದ್ದರು. ಒಬ್ಬ ಅಜ್ಜನ ಮುಂದೆ ಪುಟ್ಟದೊಂದು ಕ್ರಿಕೆಟ್ ಮೈದಾನ ಇತ್ತು. ಹಳ್ಳಿಯ ಪಂದ್ಯ. ಅಂಪೈರ್, ಇಬ್ಬರು ಬ್ಯಾಟ್ಸ್‌ಮನ್, ಸ್ಲಿಪ್ಪಿನಲ್ಲಿ ಬಗ್ಗಿ ನಿಂತವನು, ಕೈ ಮೇಲೆತ್ತಿ ಚೆಂಡು ಎಸೆಯುತ್ತಿರುವ ಬೌಲರ್. ಚೆನ್ನಾಗಿದೆ ಅಂದುಕೊಂಡೆ. ಅಮ್ಮನ ಗೊಂಬೆ ನೋಡೋಕೆ ಬಂದವರು ಹೇಳುತ್ತಿದ್ದರಲ್ಲ, ಆ ರೀತಿಯ ಚೆನ್ನಾಗಿದೆ.

ಅಷ್ಟರಲ್ಲಿ ಇನ್ನೊಬ್ಬರು ಬಂದರು. ಬೌಲರ್‌ನನ್ನು ಒಂದು ಕ್ಷಣ ನೋಡಿ ಜೋರಾಗಿ ನಕ್ಕುಬಿಟ್ಟರು. ಇಬ್ಬರೂ ಸೇರಿ ನಗೋಕೆ ಶುರು ಮಾಡಿದರು. ನನಗೆ ಏನೂ ಅರ್ಥ ಆಗಲಿಲ್ಲ. ಆಮೇಲೆ ಅಜ್ಜ ಡಬ್ಬದಿಂದ ಬಣ್ಣ ಹಚ್ಚದ ಒಬ್ಬ ಪ್ಲಾಸ್ಟಿಕ್ ಸೈನಿಕನನ್ನು ತೆಗೆದು ಬೌಲರ್ ಪಕ್ಕ ನಿಲ್ಲಿಸಿದರು. ಎರಡನೇ ಮಹಾಯುದ್ಧದ ಬ್ರಿಟಿಷ್ ಸಿಪಾಯಿ, ಕೈಬಾಂಬ್ ಎಸೆಯುತ್ತಿರುವವನು. ಅದೇ ಕೈ, ಅದೇ ಕಾಲು, ಅದೇ ಸೊಂಟದ ತಿರುವು! ಹೆಲ್ಮೆಟ್ ಇದ್ದ ತಲೆ ಹೋಗಿ ಟೋಪಿ ಹಾಕಿದ ತಲೆ ಬಂದಿತ್ತು. ಎದೆಯ ಮೇಲಿದ್ದ ತೋಟಾ ಚೀಲಗಳನ್ನು ಬ್ಲೇಡಿನಲ್ಲಿ ಸವರಿ ತೆಗೆದಿದ್ದರು. ದೊಗಲೆ ಯುದ್ಧದ ಪ್ಯಾಂಟಿಗೆ ಕೆನೆ ಬಣ್ಣ ಹಚ್ಚಿದ ಕೂಡಲೇ ಅದು ಕ್ರಿಕೆಟ್ ಪ್ಯಾಂಟು. ಬಾಂಬಿಗೆ ಅವರು ಏನೂ ಮಾಡಿರಲಿಲ್ಲ, ಕೆಂಪು ಬಣ್ಣ ಹಚ್ಚಿ ನಡುವೆ ಬಿಳಿ ಹೊಲಿಗೆಯ ಗೆರೆ ಎಳೆದಿದ್ದರು ಅಷ್ಟೇ.

ನನಗೆ ಮೈ ಜುಮ್ಮೆಂದಿತು. ಹತ್ತು ನಿಮಿಷ ಅದೇ ಗೊಂಬೆಯ ಮುಂದೆ ನಿಂತಿದ್ದರೂ ಅದನ್ನು ನಾನು ನೋಡಿಯೇ ಇರಲಿಲ್ಲ. ನಾನು ನೋಡಿದ್ದು ಬೌಲರ್‌ನನ್ನು. ನಕ್ಕವರು ನೋಡಿದ್ದು ಬಾಂಬ್ ಎಸೆಯೋನು ಬೌಲರ್ ಆದದ್ದನ್ನು.

ಇವತ್ತು ನಾನು ಹೇಳೋಕೆ ಬಂದದ್ದು ಇದೇ. ಮಾರ್ಪಾಡು ಮಾಡಿದ ಗೊಂಬೆಯನ್ನು ಪೂರ್ತಿ ನೋಡೋಕೆ ಮೂಲ ಗೊಂಬೆ ಗೊತ್ತಿರಬೇಕು. ಸಂಗೀತ ಕಛೇರಿಯಲ್ಲಿ ಎಲ್ಲರಿಗೂ ಗೊತ್ತಿರೋ ಕೃತಿಗೆ ಹಾಡುವವರು ಹೊಸದೊಂದು ಸಂಗತಿ ಹಾಕುತ್ತಾರಲ್ಲ, ಅದೇ ಸಾಲನ್ನು ಬೇರೆ ರೀತಿ ಹಾಡಿ, ಆಗ ಆ ಕೃತಿ ಬಲ್ಲವರ ತಲೆ ತಾನಾಗಿ ತೂಗುತ್ತೆ, ಪಕ್ಕದಲ್ಲಿ ಮೊದಲ ಸಲ ಕೇಳುತ್ತಿರುವವನಿಗೆ ಹಾಡು ಇಷ್ಟ ಆಗಿದ್ದರೂ ಆ ಜಾಗದಲ್ಲಿ ಏನಾಯಿತು ಅಂತ ಗೊತ್ತಾಗಲ್ಲ. ನಮ್ಮದೂ ಹಾಗೇ. ಅದಕ್ಕೇ ನಮಗೆ ನಮ್ಮಂಥದೇ ಹುಚ್ಚಿನವರು ಬೇಕು. ಮತ್ತೆ, ಗೊತ್ತಿಲ್ಲದವರಿಗೆ ಗೊತ್ತಾಗೋ ಹಾಗೆ ಮಾಡೋದೂ ನಮ್ಮದೇ ಕೆಲಸ. ಆ ಅಜ್ಜ ಡಬ್ಬದಿಂದ ಮೂಲ ಗೊಂಬೆ ತೆಗೆದು ಪಕ್ಕದಲ್ಲಿ ಇಡದೇ ಇದ್ದಿದ್ದರೆ ಇವತ್ತು ಈ ಮೇಜಿನ ಮೇಲೆ ಈ ಐದು ಜನ ಇರುತ್ತಿರಲಿಲ್ಲ.

ಆ ಊರಿನಲ್ಲಿ ಅಷ್ಟು ಜನರಿಗೆ ಒಂದೇ ಗೊಂಬೆ ಗೊತ್ತಿರೋದು ಹೇಗೆ? ಅದಕ್ಕೊಂದು ಹಿನ್ನೆಲೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಆಟಿಕೆ ಸೈನಿಕರು ಹೆಚ್ಚಾಗಿ ಜರ್ಮನಿಯಿಂದ ಬರುತ್ತಿದ್ದರು. ಗಟ್ಟಿ ಸೀಸ, ಭಾರ, ದುಬಾರಿ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬ ಆಟಿಕೆ ತಯಾರಕರ ಮನೆತನ ಹೊಸ ದಾರಿ ಹಿಡಿಯಿತು. ಕಾದ ಸೀಸವನ್ನು ಅಚ್ಚಿಗೆ ಸುರಿದು, ಅಚ್ಚಿಗೆ ತಾಗಿದ ಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ವಾಪಸ್ ಸುರಿದುಬಿಡೋದು. ಗೊಂಬೆ ಒಳಗೆ ಟೊಳ್ಳು. ಸೀಸ ಕಡಿಮೆ, ತೂಕ ಕಡಿಮೆ, ಬೆಲೆ ಕಡಿಮೆ. ಎತ್ತರ 54 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ: 5 ಅಡಿ 8 ಅಂಗುಲದ ಮನುಷ್ಯನನ್ನು 32 ಪಾಲು ಚಿಕ್ಕದು ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತೆ. ಕೆಂಪು ಡಬ್ಬದ ಆ ಸೈನಿಕರು ಮನೆಮನೆಗೆ ಹೋದರು. ಟೊಳ್ಳು ಗೊಂಬೆ ಬಿದ್ದರೆ ಕತ್ತು ಮುರಿಯುತ್ತೆ. ಆಗ ಹುಡುಗರು ಮಾಡುತ್ತಿದ್ದ ರಿಪೇರಿ ಏನು ಗೊತ್ತಾ? ಒಂದು ಬೆಂಕಿಕಡ್ಡಿ ಮುರಿದು ಕತ್ತಿನ ತೂತಿಗೆ ತುರುಕಿ ಅದರ ಮೇಲೆ ತಲೆ ಕೂರಿಸೋದು. ಇವತ್ತಿಗೂ ಹಳೇ ಗೊಂಬೆಗಳ ರಾಶಿಯಲ್ಲಿ ಬೆಂಕಿಕಡ್ಡಿ ಕತ್ತಿನವರು ಸಿಗುತ್ತಾರೆ. ಹಾಗೆ ಜೋಡಿಸುವಾಗ ಒಬ್ಬನ ತಲೆ ಇನ್ನೊಬ್ಬನಿಗೆ ಹೋದದ್ದೂ ಉಂಟು, ಮಾರ್ಪಾಡಿನ ಮೊದಲ ಪಾಠ ಅದೇ ಅಂತ ನನ್ನ ಅಭಿಪ್ರಾಯ.

1950ರ ದಶಕದಲ್ಲಿ ಪ್ಲಾಸ್ಟಿಕ್ ಬಂತು, 1966ರ ಹೊತ್ತಿಗೆ ಬ್ರಿಟನ್ ಕಂಪನಿಯ ಸೀಸದ ಸೈನಿಕರು ನಿಂತೇಹೋದರು. 1959ರಲ್ಲಿ ಏರ್‌ಫಿಕ್ಸ್ ಕಂಪನಿ ಬೆರಳ ತುದಿಯಷ್ಟು ಸಣ್ಣ ಪ್ಲಾಸ್ಟಿಕ್ ಸೈನಿಕರನ್ನು ತಂದಿತು. ಮಕ್ಕಳ ಜೇಬಿನ ಕಾಸಿಗೆ ಒಂದು ಡಬ್ಬ ಸಿಗುತ್ತಿತ್ತು. ಆದರೆ ಕಂಪನಿಗಳು ಮಾರಾಟ ಆಗೋದನ್ನು ಮಾತ್ರ ಮಾಡುತ್ತವೆ ಅಲ್ವಾ? ಬೇಕಾದ ಸೈನ್ಯ ಅಂಗಡಿಯಲ್ಲಿ ಇಲ್ಲ ಅಂದರೆ ಇರೋದನ್ನೇ ಕತ್ತರಿಸಿ ಜೋಡಿಸಬೇಕು. ಹವ್ಯಾಸದ ಪತ್ರಿಕೆಗಳಲ್ಲಿ ಅಡುಗೆ ಬರೆದ ಹಾಗೆ ಬರೆಯುತ್ತಿದ್ದರು: ಈ ಡಬ್ಬದ ಇಂಥವನ ಮೈ ತಗೊಳ್ಳಿ, ಆ ಡಬ್ಬದ ಇಂಥವನ ತಲೆ ಕೂರಿಸಿ, ಬೆಲ್ಟಿಗೆ ಕಾಗದದ ಪಟ್ಟಿ ಅಂಟಿಸಿ. ಓದಿದವನ ಮನೆಯಲ್ಲೂ ಅದೇ ಡಬ್ಬ ಇರುತ್ತಿತ್ತು. ಹಂಚಿಕೊಳ್ಳೋಕೆ ಬೇಕಾದ ಸಮಾನ ಸಾಮಗ್ರಿ ಎಲ್ಲರ ಹತ್ತಿರವೂ ಇತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ವಿನ್‌ಸ್ಟನ್ ಚರ್ಚಿಲ್ ಹುಡುಗನಾಗಿದ್ದಾಗ ಅವರ ಹತ್ತಿರ ಸುಮಾರು 1500 ಆಟಿಕೆ ಸೈನಿಕರಿದ್ದರು. ತಮ್ಮ ಜ್ಯಾಕ್ ಜೊತೆ ಆಡುವಾಗ ಒಂದು ಕರಾರು. ಅಣ್ಣನದು ಬ್ರಿಟಿಷ್ ಸೈನ್ಯ. ತಮ್ಮನಿಗೆ ಬಿಳಿಯರಲ್ಲದ ಸೈನಿಕರು ಮಾತ್ರ, ಅವರಿಗೆ ಫಿರಂಗಿ ಇಟ್ಟುಕೊಳ್ಳುವ ಹಕ್ಕಿಲ್ಲ. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಬ್ರಿಟನ್ ಕಂಪನಿಯವರು ನಮ್ಮ ಕಡೆಯ ಕುದುರೆ ಸೈನ್ಯಗಳನ್ನೂ ಮಾಡಿದ್ದರು, ಸ್ಕಿನ್ನರ್ಸ್ ಹಾರ್ಸ್ ಪಡೆಯ ಹಳದಿ ಅಂಗಿ ತುಂಬಾ ಚೆಂದ. ಆದರೆ ನನಗೆ ಬೇಕಾದವರು ಬೇರೆಯವರು.

ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದ್ದು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳು. ಜೋಧಪುರದವರು ಪಟ್ಟಣದ ಕಡೆ ನುಗ್ಗಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಮೆಷಿನ್ ಗನ್ ಕಾಲದಲ್ಲಿ, ಕುದುರೆ ಮೇಲೆ ಕೂತು, ಈಟಿ ಹಿಡಿದು! ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಕಂಚಿನ ಯೋಧರು ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳವರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ರಸ್ತೆಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಇಳಿದು ನೋಡಿದ್ದು ಮಾತ್ರ ಗೊಂಬೆ ಮಾಡಬೇಕು ಅಂತ ತೀರ್ಮಾನ ಮಾಡಿದ ಮೇಲೆ.

ಈಗ ಇವನನ್ನು ನೋಡಿ, ಎಡಗಡೆಯಿಂದ ಎರಡನೆಯವನು. ಕುದುರೆ ಮತ್ತು ಸೊಂಟದ ಕೆಳಗಿನ ಭಾಗ ಹಳೆಯ ಪ್ಲಾಸ್ಟಿಕ್ ಕೌಬಾಯ್ ಸೆಟ್ಟಿನದು. ಕೌಬಾಯ್ ಜೀನಿನ ಮುಂದೆ ಹಗ್ಗ ಸುತ್ತುವ ಕೊಂಬು ಇರುತ್ತೆ, ಅದನ್ನು ಮೊದಲು ಕತ್ತರಿಸಿದೆ. ಸೊಂಟದ ಮೇಲಿನದು ಎರಡನೇ ಮಹಾಯುದ್ಧದ ಪದಾತಿಯವನದು. ಈ ಮೆದು ಪ್ಲಾಸ್ಟಿಕ್ಕಿಗೆ ಗೋಂದು ಹಿಡಿಯಲ್ಲ, ಯಾವುದನ್ನು ಹಾಕಿದರೂ ನಾಲ್ಕು ದಿನಕ್ಕೆ ಬಿಟ್ಟುಕೊಳ್ಳುತ್ತೆ. ಅದಕ್ಕೆ ಎರಡೂ ಭಾಗಕ್ಕೆ ಸಣ್ಣ ತೂತು ಕೊರೆದು, ತಲೆ ಕತ್ತರಿಸಿದ ಗುಂಡುಪಿನ್ನು ತೂರಿಸಿ ಜೋಡಿಸಬೇಕು. ಸಂದಿಗೆ ಎಪಾಕ್ಸಿ ಪುಟ್ಟಿ, ಬೆರೆಸಿದ ಮೇಲೆ ನಿಧಾನಕ್ಕೆ ಗಟ್ಟಿಯಾಗೋ ಮೆತ್ತನೆಯ ಪದಾರ್ಥ. ಎರಡು ಕಡ್ಡಿ ಬರುತ್ತೆ, ಸಮಸಮ ತಗೊಂಡು ಚಪಾತಿ ಹಿಟ್ಟಿನ ಹಾಗೆ ನಾದಬೇಕು. ಕೈ, ಸೂಜಿ ಎರಡನ್ನೂ ಆಗಾಗ ನೀರಲ್ಲಿ ಅದ್ದಿಕೊಳ್ಳುತ್ತಾ ಇರಬೇಕು, ಇಲ್ಲದಿದ್ದರೆ ಅಂಟು. ಒಂದು ಗಂಟೆಯ ಒಳಗೆ ಕೆಲಸ ಮುಗಿಸಿದರೆ ಒಳ್ಳೇದು. ಪೇಟಕ್ಕೆ ಪುಟ್ಟಿಯನ್ನು ಶಾವಿಗೆ ಎಳೆಯ ಹಾಗೆ ಹೊಸೆದು, ಚಪ್ಪಟೆ ಮಾಡಿ, ತಲೆಗೆ ಸುತ್ತಿ, ಸೂಜಿಯ ಬೆನ್ನಿನಿಂದ ಮಡಿಕೆ ಎಳೆದೆ. ತೋಟಾ ಪಟ್ಟಿ ಕಾಗದದ್ದು. ಲಗಾಮು ವೈನ್ ಬಾಟಲಿಯ ಕತ್ತಿಗೆ ಸುತ್ತಿರೋ ತಗಡಿನದು. ಈಟಿ ನಿಜದಲ್ಲಿ ಸುಮಾರು 9 ಅಡಿ, ನಮ್ಮ ಅಳತೆಯಲ್ಲಿ ಎಂಟೂವರೆ ಸೆಂಟಿಮೀಟರ್ ಹಿತ್ತಾಳೆ ತಂತಿ.

ಬಣ್ಣಕ್ಕೆ ಮುಂಚೆ ಪಾತ್ರೆ ಸೋಪಿನಲ್ಲಿ ತೊಳೀಬೇಕು. ಅಚ್ಚಿನ ಜಿಡ್ಡು ಹೋಗದಿದ್ದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯೋ ತಳಬಣ್ಣ. ಕುದುರೆಯ ಬಣ್ಣ ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ: ಕೆಳಗೆ ತಿಳಿ ಕಂದು ಅಕ್ರಿಲಿಕ್ ಬಣ್ಣ ಹಚ್ಚಿ ಒಣಗಿಸಿ, ಅದರ ಮೇಲೆ ಗಾಢ ಕಂದು ಎಣ್ಣೆ ಬಣ್ಣ ಪೂರ್ತಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಸ್ಪಂಜಿನ ತುಂಡಿನಿಂದ ಒರೆಸುತ್ತಾ ಬರೋದು. ಉಬ್ಬಿದ ಕಡೆ ತಿಳಿ ಬಣ್ಣ ಮೇಲೇಳುತ್ತೆ, ತಗ್ಗಿನಲ್ಲಿ ಗಾಢ ಉಳಿಯುತ್ತೆ. ಒಂದೇ ಸಲಕ್ಕೆ ಕುದುರೆಗೆ ಚರ್ಮ ಬಂದುಬಿಡುತ್ತೆ. ಸವಾರನ ಕಣ್ಣಿಗೆ ಬಿಳಿ ಹಚ್ಚಬೇಡಿ. ಬೆಟ್ಟದ ಬಿಸಿಲಿನಲ್ಲಿ ಇರುವವನು ಕಣ್ಣು ಕಿರಿದು ಮಾಡಿರುತ್ತಾನೆ, ಒಂದು ಕಪ್ಪು ನೆರಳು ಸಾಕು.

ಹಂಚಿಕೊಳ್ಳೋ ವಿಷಯಕ್ಕೆ ಬರುತ್ತೇನೆ. ಮೊದಲ ಸಲ ಪ್ರದರ್ಶನಕ್ಕೆ ತಗೊಂಡು ಹೋಗುವಾಗ ಹಿಂದಿನ ರಾತ್ರಿ ವಾರ್ನಿಶ್ ಹೊಡೆದು, ಬೆಳಿಗ್ಗೆ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆ. ಹಾಲ್‌ನಲ್ಲಿ ಬಿಚ್ಚಿದರೆ ಕುದುರೆಗಳ ಮೈ ತುಂಬಾ ಗುಂಡು ಗುಂಡು ಗುರುತು. ವಾರ್ನಿಶ್ ಕೈಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತೆ. ಇನ್ನೊಂದು ಸಲ ಹತ್ತಿಯಲ್ಲಿ ಇಟ್ಟೆ, ಹತ್ತಿಯ ಎಳೆ ಈಟಿ, ಲಗಾಮು, ಬಂದೂಕಿನ ಮೂತಿಗೆಲ್ಲ ಸಿಕ್ಕಿಹಾಕಿಕೊಂಡು, ಚಿಮಟದಲ್ಲಿ ಒಂದೊಂದೇ ಎಳೆ ತೆಗೆಯೋಕೆ ಅರ್ಧ ದಿನ ಹಿಡೀತು. ಈಗ ಗೊಂಬೆಯ ಬೇಸ್, ಅಂದರೆ ಅದು ನಿಂತಿರೋ ಪೀಠದ, ಕೆಳಗೆ ಒಂದೊಂದು ಅಯಸ್ಕಾಂತ ಅಂಟಿಸಿದ್ದೇನೆ. ಡಬ್ಬದ ತಳದಲ್ಲಿ ಕಬ್ಬಿಣದ ತಗಡು. ನಿಲ್ಲಿಸಿದರೆ ನಿಂತೇ ಇರುತ್ತಾರೆ, ಮೈಗೆ ಏನೂ ತಾಗಲ್ಲ. ಲಂಡನ್ನಿನಿಂದ ಮೈಸೂರಿಗೆ ಹಾಗೇ ಬಂದರು.

ಮೇಜಿನ ಮುಂದೆ ನಿಂತಾಗ ಒಂದು ನಡವಳಿಕೆ ಇದೆ. ಕೇಳದೆ ಮುಟ್ಟಬಾರದು. ಕೊಟ್ಟರೆ ಬೇಸ್ ಹಿಡಿದು ಎತ್ತಬೇಕು, ಈಟಿ, ಬಂದೂಕು ಹಿಡಿದು ಅಲ್ಲ. ಇಟ್ಟವರಿಗೂ ಒಂದು ಕರ್ತವ್ಯ ಇದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾವುದರಿಂದ ಮಾಡಿದ್ದು ಅಂತ ಹೇಳಬೇಕು. ಯಾವ ಸೆಟ್ಟಿನ ಮೈ, ಯಾವ ಸೆಟ್ಟಿನ ತಲೆ, ಎಲ್ಲಿ ಪುಟ್ಟಿ. ಮೂಲ ಗೊಂಬೆ ಕೆತ್ತಿದವರೂ ಒಬ್ಬ ಕಲಾವಿದರೇ, ಅವರ ಕೆಲಸದ ಮೇಲೆ ನಾವು ನಿಂತಿರೋದು. ಗುಟ್ಟು ಬಿಟ್ಟುಕೊಡಲ್ಲ ಅನ್ನೋರೂ ಇದ್ದಾರೆ. ಅವರ ಮೇಜಿನ ಹತ್ತಿರ ಜನ ಬರುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ಹೋಗುತ್ತಾರೆ. ಹೇಳುವವರ ಮೇಜಿನ ಹತ್ತಿರ ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಅದಕ್ಕೇ ಫೋಟೋ ವಿಷಯದಲ್ಲಿ ನಾನು ಹಠ ಹಿಡಿಯೋದು. ಎಲ್ಲರೂ ಮುಗಿದ ಗೊಂಬೆಯ ಫೋಟೋ ಕಳಿಸುತ್ತಾರೆ. ಬಣ್ಣ ಬಿದ್ದ ಮೇಲೆ ಮಾರ್ಪಾಡು ಮುಚ್ಚಿಹೋಗುತ್ತೆ, ಮುಚ್ಚಿಹೋಗಲಿ ಅಂತಲೇ ಅಷ್ಟು ಕಷ್ಟಪಟ್ಟಿರುತ್ತೇವೆ. ಪ್ರೈಮರ್ ಹೊಡೆಯೋ ಮುಂಚೆ ಒಂದು ಫೋಟೋ ತೆಗೀರಿ. ನೋಡಿ, ಇದು ಇದೇ ಎರಡನೆಯವನ ಫೋಟೋ. ಕುದುರೆ ಕಂದು ಪ್ಲಾಸ್ಟಿಕ್, ಎದೆ ಬೂದು ಪ್ಲಾಸ್ಟಿಕ್, ಪೇಟ ಹಸಿರು ಪುಟ್ಟಿ, ಈಟಿ ಹೊಳೆಯೋ ಹಿತ್ತಾಳೆ, ಕಾಗದದ ಪಟ್ಟಿ ಬಿಳಿ. ನೋಡೋಕೆ ಚೆಂದ ಇಲ್ಲ. ಆದರೆ ಇದರಲ್ಲಿ ಎಲ್ಲ ಇದೆ. ಇದೊಂದು ಫೋಟೋ ನೋಡಿ ಇನ್ನೊಬ್ಬರು ತಮ್ಮ ಮನೆಯಲ್ಲಿ ಕೂತು ಇಂಥದೇ ಒಬ್ಬನನ್ನು ಮಾಡಬಹುದು. ಫೋಟೋ ತೆಗೆಯೋಕೆ ದೊಡ್ಡ ಕ್ಯಾಮೆರಾ ಬೇಡ. ನೇರ ಬಿಸಿಲು ಬೀಳದ ಕಿಟಕಿ, ಹಿಂದೆ ತಿಳಿ ನೀಲಿ ಅಥವಾ ಬೂದು ಕಾಗದ. ಫೋನನ್ನು ಗೊಂಬೆಯ ಮೂಗಿಗೆ ಹಿಡೀಬೇಡಿ, ಸ್ವಲ್ಪ ಹಿಂದೆ ಸರಿದು ಝೂಮ್ ಮಾಡಿ. ಗೊಂಬೆಯ ಕಣ್ಣಿನ ಮಟ್ಟಕ್ಕೆ ಬಗ್ಗಿ ತೆಗೀರಿ. ಮೇಲಿನಿಂದ ತೆಗೆದರೆ ಟೋಪಿ ಮಾತ್ರ ಕಾಣುತ್ತೆ.

ಹಂಚಿಕೊಳ್ಳೋದು ಅಂದರೆ ತೋರಿಸೋದಷ್ಟೇ ಅಲ್ಲ. ಎಲ್ಲರ ಮನೆಯಲ್ಲೂ ಒಂದು ಬಿಡಿಭಾಗಗಳ ಡಬ್ಬ ಇರುತ್ತೆ. ಉಳಿದ ತಲೆ, ಕೈ, ಬಂದೂಕು, ಬೆನ್ನಚೀಲ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರು ವರ್ಷಗಟ್ಟಲೆ ಹುಡುಕುತ್ತಿರುವ ವಸ್ತು. ನನ್ನ ಐದನೇ ಸವಾರನಿಗೆ ಬಗ್ಗಿ ಸವಾರಿ ಮಾಡುವ ಮೈ ಸಿಕ್ಕಿರಲಿಲ್ಲ. ಕ್ರಿಕೆಟ್ ಅಜ್ಜ ಒಂದು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿದರು. ಜೊತೆಗೆ ಒಂದು ಸಣ್ಣ ಕಾಗದ: ಎಡಗೈ ತೆಳ್ಳಗಿದೆ, ಬಗ್ಗಿಸೋ ಮುಂಚೆ ಬಿಸಿನೀರಲ್ಲಿ ಅದ್ದಿ, ಬಗ್ಗಿಸಿದ ಕೂಡಲೇ ತಣ್ಣೀರಿಗೆ ಹಾಕಿ. ಆ ಕಾಗದ ಇವತ್ತೂ ನನ್ನ ಡಬ್ಬದಲ್ಲಿದೆ. ಅವರು ಈಗ ಇಲ್ಲ.

ಅವರು ಹೋದ ಮೇಲೆ ಸಂಗ್ರಹ ಮಾರಾಟಕ್ಕೆ ಬಂತು. ಮನೆಯವರಿಗೆ ಪಾಪ ಯಾವುದು ಏನು ಅಂತ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದ ಕಡೆ ಮಾರ್ಪಾಡು ಮಾಡಿದ ಗೊಂಬೆಗಳಿಗೆ ಆಗೋ ಗತಿ ಒಂದೇ: ಕಂಪನಿಯ ಗೊಂಬೆ ಕೆಟ್ಟಿದೆ ಅಂದುಕೊಂಡು ರಾಶಿಯಲ್ಲಿ ಹಾಕಿ ತೂಕಕ್ಕೆ ಮಾರುತ್ತಾರೆ. ಇವರದು ಹಾಗಾಗಲಿಲ್ಲ. ಯಾಕೆಂದರೆ ಒಂದೊಂದು ಗೊಂಬೆಯ ಬೇಸ್ ತಿರುಗಿಸಿದರೂ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಮಾಡಿದ ವರ್ಷ, ಯಾವ ಯಾವ ಸೆಟ್ಟು, ತಲೆ ಕೊಟ್ಟವರ ಹೆಸರು. ಆ ಕ್ರಿಕೆಟ್ ತಂಡ ಒಡೆಯದೆ ಪೂರ್ತಿಯಾಗಿ ಒಬ್ಬರ ಮನೆ ಸೇರಿತು. ನೀವೂ ಬರೀರಿ. ಪೆನ್ಸಿಲ್ ಸಾಕು, ಮೇಲೊಂದು ಕೈ ವಾರ್ನಿಶ್. ನನ್ನ ಐದು ಜನರ ಕೆಳಗೂ ಬರೆದಿದ್ದೇನೆ, ಕನ್ನಡದಲ್ಲಿ.

ಹಳೇ ಸೀಸದ ಗೊಂಬೆ ಇಟ್ಟುಕೊಂಡವರಿಗೆ ಎರಡು ಮಾತು, ಬೇಗ ಹೇಳಿಬಿಡುತ್ತೇನೆ. ಓಕ್ ಮರದ ಬೀರುವಿನಲ್ಲಿ ಇಡಬೇಡಿ. ಆ ಮರದಿಂದ ಹೊರಡುವ ಹುಳಿ ಆವಿಗೆ ಸೀಸ ಬೂದಿಯ ಹಾಗೆ ಬಿಳಿ ಪುಡಿಯಾಗಿ ಉದುರುತ್ತೆ. ಮುಟ್ಟಿದ ಮೇಲೆ ಕೈ ತೊಳೀರಿ, ಮಕ್ಕಳ ಕೈಗೆ ಕೊಡಬೇಡಿ, ಅರದಿಂದ ಉಜ್ಜಬೇಡಿ. ಇನ್ನೊಂದು, ಬಣ್ಣ ಚೆನ್ನಾಗಿ ಉಳಿದಿರೋ ಹಳೇ ಗೊಂಬೆಗೆ ಹೊಸ ಬಣ್ಣ ಹಚ್ಚೋದು ತಪ್ಪು. ತಲೆ ಹೋದವರು, ಕಾಲು ಹೋದವರು, ಬಣ್ಣ ಪೂರ್ತಿ ಹೋದವರು ಬೇಕಾದಷ್ಟು ಸಿಗುತ್ತಾರೆ, ಕತ್ತರಿ ಅವರ ಮೇಲೆ ಇರಲಿ.

ಮಾತು ಮುಗಿದ ಮೇಲೆ ಒಬ್ಬರು ಮೇಡಂ ಕೇಳಿದರು, ಇದು ಯುದ್ಧವನ್ನು ಆಟ ಮಾಡಿದ ಹಾಗಲ್ಲವಾ ಅಂತ. ಒಳ್ಳೆಯ ಪ್ರಶ್ನೆ, ನನ್ನ ಹೆಂಡತಿಯೂ ಕೇಳಿದ್ದಾಳೆ. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಕಾದಾಟಕ್ಕೆ ನಿಯಮಗಳನ್ನು ಬರೆದರು. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧ ಎಷ್ಟೋ ಮೇಲು ಅಂತ ಅದರಲ್ಲೇ ಹೇಳಿದ್ದಾರೆ. ಮಾರನೇ ವರ್ಷವೇ ನಿಜವಾದದ್ದು ಬಂತು. ನನ್ನ ಉತ್ತರ ಇಷ್ಟೇ. ನಾನು ಇವರನ್ನು ಕಾದಾಡಿಸಲ್ಲ. ಒಬ್ಬ ಸವಾರನ ಕಾಲಿಗೆ ಪಟ್ಟಿ ಸುತ್ತೋಕೆ ನನಗೆ ಒಂದು ಸಂಜೆ ಬೇಕಾಯಿತು. ಅಷ್ಟು ಹೊತ್ತು ಒಬ್ಬನ ಕಾಲು ನೋಡುತ್ತಾ ಕೂತರೆ, ಇವನು ಮಂಡ್ಯದ ಕಡೆಯವನೋ ಚಿತ್ರದುರ್ಗದ ಕಡೆಯವನೋ, ಆ ಬೆಟ್ಟದ ಬುಡದಲ್ಲಿ ಇವನ ಹೊಟ್ಟೆಯಲ್ಲಿ ಏನಾಗುತ್ತಿತ್ತೋ ಅನ್ನೋ ಯೋಚನೆ ಬಂದೇ ಬರುತ್ತೆ.

ಒಬ್ಬ ಹುಡುಗ ಕೇಳಿದ, ರಬ್ಬರ್ ಅಚ್ಚು ತೆಗೆದು ಕಂಪನಿಯ ಗೊಂಬೆಯನ್ನು ಕಾಪಿ ಮಾಡಿ ಮಾರಬಹುದಾ ಅಂತ. ಬೇಡಪ್ಪ. ಕೊಂಡದ್ದನ್ನು ಕತ್ತರಿಸಿ ಹೊಸದು ಮಾಡು, ಅದು ನಿನ್ನದು. ಕೆತ್ತಿದವರ ಅನ್ನಕ್ಕೆ ಕೈ ಹಾಕಬಾರದು.

ಎಲ್ಲರೂ ಕಾಫಿಗೆ ಎದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಮೇಜಿನ ಹತ್ತಿರ ಬಂದರು. ಎಪ್ಪತ್ತು ದಾಟಿರಬಹುದು, ಬಿಳಿ ಪಂಚೆ, ಹೆಗಲ ಮೇಲೆ ಟವಲ್. ಮದುವೆ, ಉತ್ಸವಗಳಿಗೆ ಪೇಟ ಕಟ್ಟೋದು ಅವರ ಕೆಲಸವಂತೆ, ಅವರ ತಂದೆಯದೂ ಅದೇ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಒಬ್ಬೊಬ್ಬ ಸವಾರನನ್ನೂ ನೋಡಿದರು. ಆಮೇಲೆ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಸ್ವಾಮಿ. ಕುದುರೆ ಬಹಳ ಚೆನ್ನಾಗಿದೆ. ಆದ್ರೆ ಇದು ಪೇಟ ಅಲ್ಲ. ತಲೆಗೆ ಪೆಟ್ಟಾದವರಿಗೆ ಆಸ್ಪತ್ರೇಲಿ ಬಟ್ಟೆ ಸುತ್ತಿದ ಹಾಗಿದೆ."

ನೋಡಿದೆ. ಸರಿ. ನಾನು ಪುಟ್ಟಿಯ ಪಟ್ಟಿಯನ್ನು ತಲೆಯ ಸುತ್ತ ಸಮ ಮಟ್ಟದಲ್ಲಿ, ಒಂದರ ಮೇಲೊಂದು ಬಳೆ ಇಟ್ಟ ಹಾಗೆ ಸುತ್ತಿದ್ದೆ. ಲಂಡನ್ನಿನಲ್ಲಿ ನಾಲ್ಕು ಪ್ರದರ್ಶನದಲ್ಲಿ ಇಟ್ಟಿದ್ದೇನೆ. ಮೂಲ ಸೆಟ್ಟು ಯಾವುದು ಅಂತ ಕಣ್ಣು ಮುಚ್ಚಿ ಹೇಳುವಂಥವರು ನೋಡಿದ್ದಾರೆ. ಯಾರಿಗೂ ಇದು ಕಂಡಿರಲಿಲ್ಲ.

ಅವರು ಹೆಗಲಿನ ಟವಲ್ ತೆಗೆದು ಉದ್ದ ಮಡಚಿದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನನ್ನ ತಲೆಗೇ ಸುತ್ತಿದರು. "ಇಲ್ಲಿ ಬಲಗಿವಿ ಮೇಲಿಂದ ಏರ್ಸಿ, ಹಿಂದುಗಡೆ ತಗ್ಸಿ, ಎಡಕ್ಕೆ ಇಳ್ಸಬೇಕು. ಮುಂದಿನ ಸುತ್ತು ಎಡಗಡೆಯಿಂದ ಏರ್ಬೇಕು. ಹಣೆ ಮೇಲೆ ಒಂದನ್ನೊಂದು ದಾಟ್ಬೇಕು. ದಾಟಿದ ಕಡೆ ಹೀಗೆ ಬೆರಳು ಇಟ್ಟು ಒತ್ತಿ. ಇಲ್ಲದಿದ್ರೆ ಕುದುರೆ ಓಡೋಕೆ ಶುರು ಮಾಡಿದ ಕೂಡ್ಲೇ ಬಿಚ್ಚಿ ಹೋಗತ್ತೆ." ನಾನು ಫೋನು ಕೊಟ್ಟು ಪಕ್ಕದಲ್ಲಿದ್ದ ಹುಡುಗನ ಕೈಲಿ ಮುಂದೆ, ಹಿಂದೆ, ಎರಡೂ ಪಕ್ಕದಿಂದ ಫೋಟೋ ತೆಗೆಸಿಕೊಂಡೆ. ಅವರು ಎರಡು ಸಲ ಬಿಚ್ಚಿ ಮತ್ತೆ ಸುತ್ತಿ ತೋರಿಸಿದರು.

ಅವತ್ತು ರಾತ್ರಿ ಅಮ್ಮನ ಮನೆಯ ಊಟದ ಮೇಜಿನ ಮೇಲೆ ಐದೂ ಪೇಟಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೆದೆ. ಹೊಸದಾಗಿ ಮೂರು ಸುತ್ತಿ ಆಗಿದೆ, ಪುಟ್ಟಿ ಇನ್ನೂ ಹಸಿರಾಗಿಯೇ ಇದೆ, ಬಣ್ಣ ಹಚ್ಚಿಲ್ಲ. ಫೋಟೋ ತೆಗೆದು ಆ ಹಿರಿಯರಿಗೆ ಕಳಿಸಿದ್ದೇನೆ. ಮೂರನೆಯವನದು ಹಣೆಯ ಮೇಲೆ ಇನ್ನೂ ಸ್ವಲ್ಪ ಕೆಳಗೆ ದಾಟಬೇಕಂತೆ.